ಎಲೆ ಹಳದಿಯಾದರೆ ಮೊದಲು ಕಾಳು ನೋಡಿ

ಮಾನ್ಯ ಸಂಪಾದಕರೇ,

ಕಾಳಿಗಾಗಿ ಬೆಳೆಯುವ ಹೆಂಪ್ ಕುರಿತು ಕಳೆದ ವಾರದ ಕೃಷಿ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಭಂಗಿ ಗಿಡ ಎಂದರೆ ಗಾಂಜಾ, ಗಾಂಜಾ ಎಂದರೆ ಪೊಲೀಸರು ಎಂಬಲ್ಲಿಗೆ ಮಾತು ಮುಗಿಸದೆ ಅದನ್ನು ಒಂದು ಬೆಳೆಯಾಗಿ ನೋಡಿದ್ದಕ್ಕೆ ಸಂತೋಷ. ಆದರೆ ‘ಎಲೆ ಹಳದಿಯಾದ ಕೂಡಲೇ ಶಿಲೀಂಧ್ರನಾಶಕ ಸಿಂಪಡಿಸಬೇಕು’ ಎಂಬ ಸಾಲಿನ ಬಗ್ಗೆ ನನ್ನ ತಕರಾರಿದೆ. ಪರವಾನಗಿ ಪಡೆದು ಆರು ಹಂಗಾಮು ಈ ಬೆಳೆ ತೆಗೆದವನು ನಾನು. ಮೊದಲ ಹಂಗಾಮಿನಲ್ಲಿ ನಾನು ಮಾಡಿದ್ದೂ ಅದನ್ನೇ.

ಆ ವರ್ಷ ಗಿಡದ ಬುಡದ ಎಲೆಗಳು ಹಳದಿಯಾಗಿ ಉದುರತೊಡಗಿದವು. ನಾನು ಗಾಬರಿಯಾಗಿ ಔಷಧ ಹೊಡೆದೆ. ಎಲೆ ಹಸಿರಾಗಲಿಲ್ಲ. ಇನ್ನೊಮ್ಮೆ ಹೊಡೆದೆ. ಗಿಡ ಚೇತರಿಸಿಕೊಳ್ಳಲಿ, ಆಮೇಲೆ ಕೊಯ್ದರಾಯಿತು ಎಂದು ಹತ್ತು ದಿನ ಕಾದೆ. ಅಷ್ಟರಲ್ಲಿ ತೆನೆಯ ಕೆಳಭಾಗದ ಕಾಳೆಲ್ಲ ನೆಲಕ್ಕೆ ಉದುರಿತ್ತು. ಮಿಕ್ಕಿದ್ದಕ್ಕೆ ಗುಬ್ಬಿ, ಪಾರಿವಾಳಗಳು ಬಂದವು. ಗಿಡಕ್ಕೆ ಯಾವ ರೋಗವೂ ಇರಲಿಲ್ಲ. ಕಾಳು ಮಾಗುವಾಗ ಗಿಡ ತನ್ನ ಹಳೆಯ ಎಲೆಗಳಲ್ಲಿನ ಸಾರವನ್ನು ಕಾಳಿಗೆ ಸಾಗಿಸಿ, ಅವನ್ನು ಬಿಟ್ಟುಕೊಡುತ್ತದೆ. ನಾನು ಸಿಂಪಡಿಸಿದ್ದು ಗಿಡದ ಮುಪ್ಪಿಗೆ.

ಹಾಗಾಗಿ ಎಲೆ ಹಳದಿಯಾದರೆ ಮೊದಲು ನೋಡಬೇಕಾದದ್ದು ಕಾಳನ್ನು. ತೆನೆಯ ಕೆಳಗಿನಿಂದ ಒಂದು, ನಡುವಿನಿಂದ ಒಂದು, ತುದಿಯಿಂದ ಒಂದು ಕಾಳನ್ನು ಅದರ ಸಿಪ್ಪೆಯಂತಹ ಹೊದಿಕೆಯಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಳ್ಳಿ. ಬಲಿತ ಕಾಳು ಬೂದು ಬೆರೆತ ಕಂದು ಬಣ್ಣದ್ದು, ಮೈಮೇಲೆ ಬಲೆ ಹೆಣೆದಂತೆ ಗೆರೆಗಳಿರುತ್ತವೆ, ಉಗುರಿಗೆ ಬಗ್ಗುವುದಿಲ್ಲ. ಎಳೆಯದು ಹಸಿರಾಗಿರುತ್ತದೆ, ಒತ್ತಿದರೆ ಹಾಲು ಒಸರುತ್ತದೆ. ತೊಂದರೆಯೆಂದರೆ ಮೂರೂ ಒಟ್ಟಿಗೆ ಮಾಗುವುದಿಲ್ಲ. ಕೆಳಗಿನದು ಮೊದಲು, ತುದಿಯದು ಕೊನೆಗೆ. ತುದಿಯ ಕಾಳಿಗಾಗಿ ಕಾದವನು ಬುಡದ ಕಾಳನ್ನು ಹಕ್ಕಿಗಳಿಗೆ ಬಿಡಬೇಕಾಗುತ್ತದೆ. ನೂರಕ್ಕೆ ಎಪ್ಪತ್ತರಷ್ಟು ಬಲಿತಾಗ ಕೊಯ್ಯುವುದು ಬೆಳೆಗಾರರಲ್ಲಿ ರೂಢಿ. ಉಳಿದ ಮೂವತ್ತರ ಆಸೆ ಬಿಡುವುದಕ್ಕೆ ನನಗೆ ಮೂರು ಹಂಗಾಮು ಬೇಕಾಯಿತು. ನಾರಿಗಾಗಿ ಬೆಳೆದವರ ಲೆಕ್ಕವೇ ಬೇರೆ; ಗಂಡು ಗಿಡಗಳು ಪರಾಗ ಉದುರಿಸತೊಡಗಿದಾಗಲೇ ಅವರು ಕೊಯ್ಯುತ್ತಾರೆ.

ಕಾಳು ಇನ್ನೂ ಹಾಲಿನ ಹದದಲ್ಲಿದ್ದು ಎಲೆ ಕೆಟ್ಟರೆ ಆಗ ರೋಗದ ಮಾತು. ಅಲ್ಲಿಯೂ ಎಲ್ಲಕ್ಕೂ ಒಂದೇ ಡಬ್ಬಿಯ ಔಷಧವಲ್ಲ. ನನ್ನ ಜೇಬಿನಲ್ಲಿ ಅಂಚೆಚೀಟಿ ಸಂಗ್ರಹಿಸುತ್ತಿದ್ದ ಕಾಲದ ಒಂದು ಮಸೂರವಿದೆ. ಹಳದಿ ಅಂಚಿನ ಕಂದು ಚುಕ್ಕೆಗಳು, ಅವುಗಳ ನಡುವೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಬಿಂದುಗಳು ಕಂಡರೆ ಅದು ಸೆಪ್ಟೋರಿಯಾ ಎಲೆಚುಕ್ಕೆ ರೋಗ. ಇದು ನೆಲದ ಕಡೆಯಿಂದ ಮೇಲೇರುತ್ತದೆ. ಒದ್ದೆ ಎಲೆ ಇದಕ್ಕೆ ಬೇಕು. ಸಿಡಿಯುವ ಮಳೆಹನಿಯೇ ಇದರ ವಾಹನ. ಹಿಂದಿನ ಬೆಳೆಯ ಕಸದಲ್ಲಿ ಇದು ಉಳಿದುಕೊಂಡಿರುತ್ತದೆ. ಆದ್ದರಿಂದ ನಾನು ಕೊಯ್ಲಾದ ಮೇಲೆ ಕಸವನ್ನು ಮಣ್ಣಿನಲ್ಲಿ ಆಳವಾಗಿ ಹೂಳುತ್ತೇನೆ, ಮರುವರ್ಷ ಅದೇ ಜಾಗದಲ್ಲಿ ಬಿತ್ತುವುದಿಲ್ಲ.

ಬೂದಿ ರೋಗದ ಸ್ವಭಾವ ಬೇರೆ. ಹಿಟ್ಟು ಚೆಲ್ಲಿದಂತೆ ಕಾಣುತ್ತದೆ, ಬೆರಳಿನಿಂದ ಉಜ್ಜಿದರೆ ಬರುತ್ತದೆ. ಎಲೆ ಒದ್ದೆಯಾಗಬೇಕೆಂದೇನೂ ಇಲ್ಲ. ಗಿಡಗಳು ಒತ್ತೊತ್ತಾಗಿ ಬೆಳೆದು ಗಾಳಿ ನಿಂತು ತೇವವಿದ್ದರೆ ಸಾಕು. ಸಾಲುಗಳ ನಡುವಿನ ಅಂತರ ಹೆಚ್ಚಿಸಿದ ಮೇಲೆ ನನಗೆ ಅದರ ಕಾಟ ಕಡಿಮೆಯಾಯಿತು. ಇನ್ನು ಚುಕ್ಕೆಯೂ ಇಲ್ಲದೆ, ಹಿಟ್ಟೂ ಇಲ್ಲದೆ ಕೆಳಗಿನ ಎಲೆಗಳು ಇಡಿಯಾಗಿ ಹಳದಿಯಾಗುತ್ತಿದ್ದರೆ ಬಹುತೇಕ ಸಾರಜನಕದ ಕೊರತೆ. ಅದಕ್ಕೆ ಬೇಕಾದದ್ದು ಗೊಬ್ಬರ.

ನಾನು ನಿಜಕ್ಕೂ ಹೆದರುವುದು ಬೂದು ಬೂಷ್ಟಿಗೆ. ದ್ರಾಕ್ಷಿ, ಸ್ಟ್ರಾಬೆರಿಗಳನ್ನು ಕೊಳೆಸುವ ಬೊಟ್ರೈಟಿಸ್ ಇದೇ. ಕೊಯ್ಲಿನ ಹೊತ್ತಿಗೆ ತಂಪು, ಮೋಡ, ಜಡಿಮಳೆ ಹಿಡಿದರೆ ದಟ್ಟವಾದ ತೆನೆಯ ಒಳಗಿನಿಂದ ಕೊಳೆಯುತ್ತಾ ಬರುತ್ತದೆ. ತೆನೆಯ ನಡುವಿನ ಒಂದು ಪುಟ್ಟ ಎಲೆ ಒಣಗಿದ್ದನ್ನು ಕಂಡು ಬಿಡಿಸಿ ನೋಡುವಷ್ಟರಲ್ಲಿ ಒಳಗೆ ಬೂದು ಬಣ್ಣದ ತುಪ್ಪಳ ಹರಡಿರುತ್ತದೆ. ಆ ಹೊತ್ತಿಗೆ ಸಿಂಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಕಾಳು ತಿನ್ನುವ ವಸ್ತು. ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಡಬ್ಬಿಯ ಮೇಲೆ ಬರೆದಿರುವುದನ್ನು ನಮ್ಮಲ್ಲಿ ಎಷ್ಟು ಮಂದಿ ಓದುತ್ತೇವೆ? ಅರವತ್ತರಷ್ಟೇ ಬಲಿತಿದ್ದರೂ ಸರಿ, ಕೊಯ್ದು ಒಳಗೆ ತರುತ್ತೇನೆ. ತಡಮಾಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅನೇಕ ಕಡೆ ಕಾನೂನು ಈ ಬೆಳೆಯಲ್ಲಿ ಅಮಲು ತರಿಸುವ ಅಂಶಕ್ಕೆ ಶೇ 0.3ರ ಮಿತಿ ಹಾಕಿದೆ. ಹೂತೆನೆ ಬಲಿಯುತ್ತಾ ಹೋದಂತೆ ಆ ಅಂಶವೂ ಏರುತ್ತದೆ. ಮಿತಿ ದಾಟಿದರೆ ಇಡೀ ಬೆಳೆಯನ್ನೇ ನಾಶಪಡಿಸಬೇಕಾಗಬಹುದು.

ಕೊಯ್ದ ಮೇಲೂ ನೆಮ್ಮದಿಯಿಲ್ಲ. ಒಮ್ಮೆ ಒಕ್ಕಿದ ಹಸಿಕಾಳನ್ನು ರಾತ್ರಿ ರಾಶಿ ಹಾಕಿ ಮಲಗಿದ್ದೆ. ಬೆಳಿಗ್ಗೆ ಕೈ ಹಾಕಿದರೆ ರಾಶಿಯ ಹೊಟ್ಟೆ ಬಿಸಿ, ಕಮಟು ವಾಸನೆ. ಎಣ್ಣೆಕಾಳು ಬೇಗ ಕೆಡುತ್ತದೆ. ಅಂದಿನಿಂದ ಒಕ್ಕಿದ ದಿನವೇ ತೆಳುವಾಗಿ ಹರಡಿ ಗಾಳಿಗೆ ಬಿಡುತ್ತೇನೆ, ತೇವಾಂಶ ಶೇ 9ಕ್ಕೆ ಇಳಿಯುವವರೆಗೆ ಚೀಲ ಕಟ್ಟುವುದಿಲ್ಲ.

ಕೊನೆಯದಾಗಿ, ಲೇಖನದ ಜೊತೆ ‘ರೋಗಪೀಡಿತ ಗಿಡ’ ಎಂಬ ಅಡಿಬರಹದೊಂದಿಗೆ ಅಚ್ಚಾದ ಚಿತ್ರವನ್ನು ಮಸೂರ ಹಿಡಿದು ನೋಡಿದೆ. ಅದರಲ್ಲಿರುವುದು ಗಂಡು ಗಿಡ. ಪರಾಗ ಚೆಲ್ಲಿದ ಮೇಲೆ ಗಂಡು ಗಿಡಗಳು ತಾವಾಗಿಯೇ ಒಣಗುತ್ತವೆ, ಅದಕ್ಕೆ ಮದ್ದಿಲ್ಲ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ