ಮೊದಲ ವರ್ಷದಲ್ಲಿ ವೈದ್ಯಕೀಯ ಪದಗಳನ್ನು ಬಾಯಿಪಾಠ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ಬಿ.ಎಸ್ಸಿ. ನರ್ಸಿಂಗ್, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ, ಮೆಡಿಕಲ್ ರೆಕಾರ್ಡ್ಸ್ – ಯಾವ ಕೋರ್ಸಿಗೆ ಸೇರಿದರೂ ಮೊದಲ ತಿಂಗಳಲ್ಲೇ ವಿದ್ಯಾರ್ಥಿಯ ಕೈಗೆ ಒಂದು ಪಟ್ಟಿ ಬರುತ್ತದೆ. ಎಡಕ್ಕೆ ನೂರಾರು ವೈದ್ಯಕೀಯ ಪದಗಳು, ಬಲಕ್ಕೆ ಇಂಗ್ಲಿಷಿನಲ್ಲೇ ಅರ್ಥ. ‘ಇದಿಷ್ಟೂ ಬಾಯಿಪಾಠ ಮಾಡಿಕೊಂಡು ಬನ್ನಿ’ ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಧೈರ್ಯ ಕಳೆದುಕೊಳ್ಳುವುದು ಇಲ್ಲಿಯೇ. ಈ ವಿಷಯವನ್ನು ಕಲಿಸುವ ನಮ್ಮ ಕೋರಿಕೆ ಇಷ್ಟು: ಪಟ್ಟಿಯನ್ನು ಪಕ್ಕಕ್ಕಿಟ್ಟು, ಪದ ಕಟ್ಟುವ ತುಂಡುಗಳನ್ನು ಕಲಿಸಿ. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಓದಿದವರಿಗೆ ಆ ಪಾಠದ ಅರ್ಧಭಾಗ ಆಗಲೇ ಗೊತ್ತಿರುತ್ತದೆ. ಅದನ್ನು ಅವರಿಗೆ ಯಾರೂ ಹೇಳುವುದಿಲ್ಲ, ಅಷ್ಟೆ.

ಡೆಂಗಿ ಹೆಚ್ಚಾದಾಗ ಕೇಸ್‌ಶೀಟುಗಳಲ್ಲಿ ಮತ್ತೆ ಮತ್ತೆ ಕಾಣುವ ಪದ ‘ಥ್ರಾಂಬೊಸೈಟೊಪೀನಿಯ’. ಇಡಿಯಾಗಿ ನೋಡಿದರೆ ನಾಲಿಗೆ ಹೊರಳುವುದಿಲ್ಲ. ಬೋರ್ಡಿನ ಮೇಲೆ ಎರಡು ಗೀಟು ಎಳೆದು ಮೂರು ತುಂಡು ಮಾಡಿ. ಥ್ರಾಂಬೊ ಎಂದರೆ ಹೆಪ್ಪು, ಸೈಟೊ ಎಂದರೆ ಕೋಶ, ಪೀನಿಯ ಎಂದರೆ ಕೊರತೆ. ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್, ಕಡಿಮೆಯಾಗಿದೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ 1.5 ಲಕ್ಷಕ್ಕಿಂತ ಕೆಳಗಿಳಿದರೆ ಈ ಹೆಸರು. ಈಗ ಕೊನೆಯ ತುಂಡನ್ನು ಮಾತ್ರ ಅಳಿಸಿ ‘ಓಸಿಸ್’ ಬರೆಯಿರಿ: ಥ್ರಾಂಬೊಸೈಟೋಸಿಸ್, ಪ್ಲೇಟ್‌ಲೆಟ್ ಹೆಚ್ಚಾಗಿದೆ. ಮೂಲ ಪದದ ಮೊದಲ ತುಂಡನ್ನು ಅಳಿಸಿ ‘ಪ್ಯಾನ್’ ಬರೆಯಿರಿ: ಪ್ಯಾನ್‌ಸೈಟೊಪೀನಿಯ, ಎಲ್ಲ ಬಗೆಯ ರಕ್ತಕಣಗಳೂ ಕಡಿಮೆ. ಒಂದು ಪದ ಒಡೆದದ್ದಕ್ಕೆ ಮೂರು ಪದ ಬಂದವು, ಒಂದನ್ನೂ ಉರು ಹೊಡೆಯಬೇಕಾಗಲಿಲ್ಲ.

ಓದುವ ಕ್ರಮವನ್ನು ಮೊದಲ ದಿನವೇ ಹೇಳಿಕೊಡಬೇಕು: ಮೊದಲು ಪದದ ಬಾಲ, ಆಮೇಲೆ ತಲೆ, ಕೊನೆಗೆ ನಡು. ‘ಪೆರಿಕಾರ್ಡೈಟಿಸ್’ ಎಂಬಲ್ಲಿ ಐಟಿಸ್ ಎಂದರೆ ಉರಿಯೂತ, ಪೆರಿ ಎಂದರೆ ಸುತ್ತ, ಕಾರ್ಡಿ ಎಂದರೆ ಹೃದಯ. ಹೃದಯದ ಸುತ್ತಲಿನ ಪೊರೆಗೆ ಉರಿಯೂತ. ಎಡದಿಂದ ಬಲಕ್ಕೆ ಒಡೆಯಹೊರಟರೆ ಎಲ್ಲ ಪದಗಳಲ್ಲೂ ಅರ್ಥ ಸುಲಭವಾಗಿ ಕೂಡುವುದಿಲ್ಲ.

ಕಲಿಸುವುದನ್ನೂ ಬಾಲದಿಂದಲೇ ಶುರುಮಾಡುವುದು ವಾಸಿ. ಹೊಟ್ಟೆ, ಎಲುಬು, ಕಣ್ಣು – ಯಾವ ಅಂಗದ ಪಾಠ ಬಂದರೂ ಅವೇ ಬಾಲಗಳು ತಿರುಗಿ ಬರುತ್ತವೆ. ಅವುಗಳಲ್ಲಿ ಹೆಚ್ಚು ಎಡವುವುದು ಮೂರರಲ್ಲಿ: ಟಮಿ, ಸ್ಟಮಿ, ಎಕ್ಟಮಿ. ಕೊಲಾಟಮಿ ಎಂದರೆ ದೊಡ್ಡ ಕರುಳನ್ನು ಕೊಯ್ದು ತೆರೆಯುವುದು. ಕೊಲಾಸ್ಟಮಿ ಎಂದರೆ ಆ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡುವುದು. ಕೊಲೆಕ್ಟಮಿ ಎಂದರೆ ಕರುಳನ್ನೇ ಪೂರ್ತಿಯಾಗಿಯೋ ಭಾಗವಾಗಿಯೋ ತೆಗೆಯುವುದು. ಆಪರೇಷನ್ ಪಟ್ಟಿಯಲ್ಲಿ ಇವು ಅದಲುಬದಲಾದರೆ ಸ್ಟೋಮಾ ಬ್ಯಾಗ್ (ಹೊಟ್ಟೆಯ ಮೇಲಿನ ಆ ಬಾಯಿಗೆ ಅಂಟಿಸುವ ಚೀಲ) ತರಿಸಿಡುವುದರಿಂದ ಹಿಡಿದು ಮನೆಯವರಿಗೆ ಏನು ಹೇಳಬೇಕು ಎಂಬುದರವರೆಗೆ ಎಲ್ಲ ತಯಾರಿಯೂ ಹಳಿ ತಪ್ಪುತ್ತದೆ. ಮೂರನ್ನೂ ಒಂದೇ ಅಂಗಕ್ಕೆ ಜೋಡಿಸಿ, ಒಂದೇ ದಿನ, ಅಕ್ಕಪಕ್ಕ ಇಟ್ಟು ಕಲಿಸಬೇಕು. ಬೇರೆ ಬೇರೆ ಪಾಠದಲ್ಲಿ ಬಂದರೆ ವ್ಯತ್ಯಾಸ ನಿಲ್ಲುವುದಿಲ್ಲ.

ಇನ್ನು ತುಂಡುಗಳನ್ನು ಜೋಡಿಸುವ ನಿಯಮ. ಹೊಟ್ಟೆಗೆ ‘ಗ್ಯಾಸ್ಟ್ರೊ’, ಸ್ಕೊಪಿ (ಒಳಗೆ ನೋಡುವುದು) ಸೇರಿದರೆ ಗ್ಯಾಸ್ಟ್ರೊಸ್ಕೊಪಿ, ಐಟಿಸ್ ಸೇರಿದರೆ ಮಾತ್ರ ಗ್ಯಾಸ್ಟ್ರೈಟಿಸ್. ಒ ಎಲ್ಲಿ ಹೋಯಿತು? ಊರು ಮತ್ತು ಅಲ್ಲಿ ಕೂಡಿ ಊರಲ್ಲಿ ಆದಾಗ ಉಕಾರ ಎಲ್ಲಿ ಹೋಯಿತೋ ಅಲ್ಲಿಗೇ. ಇದು ನಮ್ಮ ಲೋಪಸಂಧಿ. ಸ್ವರದ ಮುಂದೆ ಸ್ವರ ಬಂದರೆ ಹಿಂದಿನದು ಬಿದ್ದುಹೋಗುತ್ತದೆ, ವ್ಯಂಜನ ಬಂದರೆ ಉಳಿಯುತ್ತದೆ. ಒಂದು ಅಪವಾದವಿದೆ: ಎರಡು ಅಂಗಗಳ ಹೆಸರು ಕೂಡುವಾಗ ನಡುವಿನ ಒ ಬೀಳುವುದಿಲ್ಲ. ಗ್ಯಾಸ್ಟ್ರೊಎಂಟರೈಟಿಸ್ ಎಂಬ ಒಂದೇ ಪದದಲ್ಲಿ ಎರಡನ್ನೂ ತೋರಿಸಬಹುದು. ಹೊಟ್ಟೆ ಮತ್ತು ಕರುಳು ಕೂಡುವಲ್ಲಿ ಮುಂದೆ ಎ ಇದ್ದರೂ ಒ ನಿಂತಿದೆ. ಎಂಟರೊ ಮತ್ತು ಐಟಿಸ್ ಕೂಡುವಲ್ಲಿ ಒ ಬಿದ್ದಿದೆ. ಸಂಧಿಯಾಗದೆ ಸ್ವರ ಹಾಗೇ ಉಳಿಯುವ ‘ಅಕ್ಕಾ ಇತ್ತ ಬಾ’ ಎಂಬ ಪ್ರಕೃತಿಭಾವದ ಉದಾಹರಣೆ ನೆನಪಿಸಿದರೆ ಕನ್ನಡ ಮಾಧ್ಯಮದವರ ಮುಖ ಅರಳುತ್ತದೆ. ಇಂಗ್ಲಿಷ್ ಪಠ್ಯ ಅರ್ಧ ಪುಟ ತೆಗೆದುಕೊಳ್ಳುವ ನಿಯಮ ಅವರಿಗೆ ಐದು ನಿಮಿಷದ ಕೆಲಸ.

ತಲೆಯ ತುಂಡುಗಳಲ್ಲಿ ಈ ಅನುಕೂಲ ಇನ್ನೂ ಹೆಚ್ಚು. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಭಾಷಾ ಕುಟುಂಬಕ್ಕೆ ಸೇರಿದವು, ಆ ಸಂಸ್ಕೃತ ಪದಗಳು ಕನ್ನಡದಲ್ಲಿ ದಿನಬಳಕೆಯಲ್ಲಿವೆ. ಪೆರಿ ನಮ್ಮ ಪರಿ, ಪರಿಧಿಯಲ್ಲಿ ಇರುವುದೇ. ಕೆಟ್ಟ, ತೊಂದರೆಯ ಎನ್ನುವ ಡಿಸ್ ನಮ್ಮ ದುಸ್, ದುರ್. ಹೆಚ್ಚು ಎನ್ನುವ ಹೈಪರ್ ಉಪರಿಯ ನಂಟು, ಕಡಿಮೆ ಎನ್ನುವ ಹೈಪೊ ಉಪದ ನಂಟು. ಆಸ್ಟಿಯೊ ಅಸ್ಥಿ, ಡೆಂಟ್ ದಂತ. ಇಲ್ಲ ಎನ್ನುವ ತುಂಡಂತೂ ನಿಯಮದ ಸಮೇತ ನಮ್ಮದೇ: ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್. ಅಶುದ್ಧ, ಅನಾರೋಗ್ಯ, ಹಾಗೆಯೇ ಉಸಿರು ನಿಂತರೆ ಆಪ್ನಿಯ, ಮೂತ್ರ ನಿಂತರೆ ಅನ್ಯೂರಿಯ.

ಆದರೆ ಒಂದು ಕಡೆ ಕನ್ನಡವೇ ದಾರಿ ತಪ್ಪಿಸುತ್ತದೆ, ಅಲ್ಲಿ ಬೋಧಕರು ಎಚ್ಚರವಾಗಿರಬೇಕು. ಇಂಟರ್ ಎಂದರೆ ನಡುವೆ, ಇಂಟ್ರಾ ಎಂದರೆ ಒಳಗೆ. ನಮ್ಮ ‘ಅಂತರ್’ ಎರಡಕ್ಕೂ ಸಲ್ಲುತ್ತದೆ: ಅಂತರಂಗ ಒಳಗಿನದು, ಅಂತರರಾಷ್ಟ್ರೀಯ ನಡುವಿನದು. ಹಾಗಾಗಿ ಪಕ್ಕೆಲುಬುಗಳ ನಡುವಿನ ಇಂಟರ್‌ಕಾಸ್ಟಲ್, ಸ್ನಾಯುವಿನ ಒಳಕ್ಕೆ ಕೊಡುವ ಇಂಟ್ರಾಮಸ್ಕ್ಯುಲರ್ ಎರಡಕ್ಕೂ ‘ಅಂತರ್’ ಎಂದು ಬರೆದುಕೊಂಡ ವಿದ್ಯಾರ್ಥಿ ಪರೀಕ್ಷೆಯಲ್ಲಿ ತಪ್ಪು ಬರೆಯುವುದು ಖಂಡಿತ. ಇವೆರಡಕ್ಕೆ ‘ನಡುವೆ’, ‘ಒಳಗೆ’ ಎಂದೇ ಬರೆಸಿ.

ತುಂಡು ಗೊತ್ತಿದ್ದರೆ ಎಲ್ಲವೂ ತಿಳಿದಂತೆ ಎಂಬ ಭ್ರಮೆಯನ್ನೂ ಹುಟ್ಟಿಸಬಾರದು. ಅನೀಮಿಯದ ಅಕ್ಷರಾರ್ಥ ‘ರಕ್ತವಿಲ್ಲ’; ನಿಜದಲ್ಲಿ ಹಿಮೊಗ್ಲೋಬಿನ್ ಕಡಿಮೆ, ಗರ್ಭಿಣಿಯಲ್ಲಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕೆಳಗೆ ಎಂಬುದು ಸಾಮಾನ್ಯ ಲೆಕ್ಕ. ‘ಓಮ’ ಎಂದರೆ ಗಡ್ಡೆ ಎಂದು ಕಲಿತವರು ಹಿಮಟೋಮ ಕಂಡು ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಅದು ಪೆಟ್ಟು ಬಿದ್ದಲ್ಲಿ ಕಟ್ಟಿದ ರಕ್ತ. ಇತ್ತ ಹೆಸರಿಗೆ ಅದೇ ಬಾಲವಿರುವ ಲಿಂಫೋಮ, ಮೆಲನೋಮ ಕ್ಯಾನ್ಸರುಗಳೇ. ‘ಮಯಲ್’ ಆಸ್ಟಿಯೊಮಯಲೈಟಿಸ್‌ನಲ್ಲಿ ಎಲುಬಿನ ಮಜ್ಜೆ, ಪೋಲಿಯೊಮಯಲೈಟಿಸ್‌ನಲ್ಲಿ ಬೆನ್ನುಹುರಿ. ಒಂದೇ ಅಂಗಕ್ಕೆ ಎರಡು ಹೆಸರಿರುವುದೂ ತಲೆ ತಿನ್ನುತ್ತದೆ: ಮೂತ್ರಪಿಂಡಕ್ಕೆ ಗ್ರೀಕಿನ ನೆಫ್ರೊ, ಲ್ಯಾಟಿನ್ನಿನ ರೀನಲ್. ರೋಗ ಮತ್ತು ಶಸ್ತ್ರಚಿಕಿತ್ಸೆಯ ಹೆಸರಿಗೆ ಬಹುಮಟ್ಟಿಗೆ ಗ್ರೀಕ್, ದೇಹದ ಭಾಗ ಸೂಚಿಸುವಾಗ ಬಹುಮಟ್ಟಿಗೆ ಲ್ಯಾಟಿನ್ ಎಂಬ ಸುಳಿವು ಕೊಟ್ಟರೆ ಸಾಕು: ನೆಫ್ರೈಟಿಸ್, ನೆಫ್ರೆಕ್ಟಮಿ, ಆದರೆ ರೀನಲ್ ಆರ್ಟರಿ.

ಕಾಗುಣಿತದ ವಿಷಯಕ್ಕೆ ಬರೋಣ. ಕನ್ನಡ ನುಡಿದಂತೆ ಬರೆಯುವ ಭಾಷೆ, ಅದೇ ಅಭ್ಯಾಸದಲ್ಲಿ ಮಕ್ಕಳು ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡದ ಉಚ್ಚಾರಣೆ ಬರೆದುಕೊಳ್ಳುತ್ತಾರೆ. ಆಮೇಲೆ ಕಣ್ಣು ಕನ್ನಡವನ್ನಷ್ಟೇ ಓದುತ್ತದೆ, ಇಂಗ್ಲಿಷ್ ಅಕ್ಷರಗಳು ಮನಸ್ಸಿಗೆ ಇಳಿಯುವುದೇ ಇಲ್ಲ. ನ್ಯುಮೋನಿಯ, ಸೈಕಿಯಾಟ್ರಿ, ಟೋಸಿಸ್ (ಕಣ್ಣಿನ ರೆಪ್ಪೆ ಜೋಲುವುದು) ಮೂರರ ಮೊದಲಿಗೂ ‘ಪಿ’ ಇದೆ ಎಂದು ಕಿವಿಗೆ ಹೇಗೆ ತಿಳಿಯಬೇಕು? ಅತಿಸಾರದ ಡಯೇರಿಯಾದಲ್ಲಿ ಎರಡು ಆರ್, ಒಂದು ಎಚ್. ಸಣ್ಣ ಕರುಳಿನ ಕೊನೆಯ ಭಾಗ ‘ಇಲಿಯಂ’, ಸೊಂಟದ ಎಲುಬೂ ‘ಇಲಿಯಂ’. ಕೇಳುವುದಕ್ಕೆ ಒಂದೇ, ಬರೆಯುವಾಗ ಕರುಳಿಗೆ ನಡುವಿನ ಅಕ್ಷರ ‘ಇ’, ಎಲುಬಿಗೆ ‘ಐ’. ಎಂಟರೊ ಕೂಡ ಆ ಇ ಅಕ್ಷರದಿಂದಲೇ ಆರಂಭವಾಗುತ್ತದೆ ಎಂದು ಹೇಳಿದರೆ ನೆನಪಿರುತ್ತದೆ. ಡಿಸ್ಫೇಜಿಯ ನುಂಗುವ ತೊಂದರೆ, ಡಿಸ್ಫೇಸಿಯ ಮಾತಿನ ತೊಂದರೆ. ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಲಕ್ವ ಹೊಡೆದವರಲ್ಲಿ ಎರಡೂ ಇರಬಹುದು. ಜಿ ಹೋಗಿ ಎಸ್ ಬಂದರೆ, ನುಂಗಲಾರದವರ ಬಾಯಿಗೆ ಗಂಜಿ ಹಾಕುವ ಅಪಾಯವಿದೆ. ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯ ಆಗಬಹುದು. ಆದ್ದರಿಂದ ಪದದ ಮೇಲೆ ಕನ್ನಡ ಉಚ್ಚಾರಣೆ ಬರೆಯುವುದನ್ನು ಬಿಡಿಸಿ, ತುಂಡಿನ ಕೆಳಗೆ ಕನ್ನಡದ ಅರ್ಥ ಬರೆಯಿಸಿ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಬೇಕು: ರೋಗಿ ಆಡುವ ಮಾತಿಗೆ. ದಮ್ಮು ಎಂದರೆ ಡಿಸ್ಪ್ನಿಯ, ಉರಿಮೂತ್ರ ಎಂದರೆ ಡಿಸ್ಯೂರಿಯ, ಬಿಳಿಸೆರಗು ಎಂದರೆ ಲ್ಯೂಕೊರಿಯ. ಉತ್ತರ ಕರ್ನಾಟಕದ ಅಜ್ಜಿ ‘ಹೊಟ್ಟಿ ಕಡಿಯಾಕತ್ತೈತ್ರಿ’ ಎಂದರೆ ಹೊಟ್ಟೆನೋವು. ಮೈಸೂರು ಕಡೆಯ ವಿದ್ಯಾರ್ಥಿ ಅದನ್ನು ತುರಿಕೆ ಎಂದು ಬರೆದಾನು. ಎಲ್ಲಕ್ಕಿಂತ ಮುಖ್ಯವಾದದ್ದು ‘ಬಾಯಿಂದ ರಕ್ತ ಬಂತು’ ಎಂಬ ಮಾತು. ಕೆಮ್ಮಿನ ಜೊತೆ ಬಂದಿದ್ದರೆ ಹಿಮಾಪ್ಟಿಸಿಸ್, ವಾಂತಿಯಲ್ಲಿ ಬಂದಿದ್ದರೆ ಹಿಮಟೆಮಿಸಿಸ್. ಮೊದಲನೆಯದು ಸಾಮಾನ್ಯವಾಗಿ ಕೆಂಪಗೆ, ನೊರೆನೊರೆಯಾಗಿ, ಕಫದ ಜೊತೆ ಇರುತ್ತದೆ. ಎರಡನೆಯದು ಹಲವು ಸಲ ಕಪ್ಪಗೆ, ಕಾಫಿ ಚರಟದಂತೆ, ಉಂಡದ್ದರ ಜೊತೆ ಬರುತ್ತದೆ. ಮೊದಲನೆಯದಕ್ಕೆ ಎದೆಯ ಎಕ್ಸ್‌ರೇ, ಕ್ಷಯದ ಕಫ ಪರೀಕ್ಷೆ, ಎರಡನೆಯದಕ್ಕೆ ಎಂಡೋಸ್ಕೊಪಿ. ‘ಕೆಮ್ಮಿದಾಗ ಬಂತೋ, ವಾಂತಿಯಾದಾಗ ಬಂತೋ, ಬಣ್ಣ ಹೇಗಿತ್ತು?’ ಎಂದು ಕೇಳದೆ ಎರಡರಲ್ಲಿ ಒಂದನ್ನು ಬರೆಯಬಾರದು ಎಂಬುದು ಈ ಪದಗಳ ಪಾಠದಲ್ಲೇ ಬರಬೇಕು.

ಸಂಕ್ಷೇಪಗಳನ್ನು ಪಟ್ಟಿಯ ಕೊನೆಗೆ ಅನುಬಂಧದಂತೆ ತಳ್ಳುವುದು ಸರಿಯಲ್ಲ, ಜೀವಕ್ಕೆ ಅಪಾಯ ತರುವುದು ಅವೇ. ನಮ್ಮ ಚೀಟಿಗಳಲ್ಲಿ ಓಡಿ ಎಂದರೆ ದಿನಕ್ಕೊಮ್ಮೆ. ಕಣ್ಣಿನ ವಿಭಾಗದಲ್ಲಿ ಓಡಿ ಎಂದರೆ ಬಲಗಣ್ಣು. ಇನ್ಸುಲಿನ್ 4 ಯೂನಿಟ್ ಎಂಬುದನ್ನು 4ರ ಪಕ್ಕ ಬರೀ ‘ಯು’ ಹಾಕಿ ಗೀಚಿದರೆ, ಅಕ್ಷರದ ಬಾಯಿ ಮುಚ್ಚಿಕೊಂಡು 40 ಆಗುತ್ತದೆ. 1.0 ಎಂದು ಬರೆದರೆ ಚುಕ್ಕೆ ಮಾಸಿ 10, ಸೊನ್ನೆಯಿಲ್ಲದೆ ಬರೆದ .5 ಚುಕ್ಕೆ ಮಾಸಿ 5. ಗ್ರೀಕಿನ ಮ್ಯೂ ಅಕ್ಷರದ ಮೈಕ್ರೊಗ್ರಾಂ ಮಿಲಿಗ್ರಾಂ ಎಂದು ಓದಿಕೊಂಡರೆ ಡೋಸು ಸಾವಿರ ಪಟ್ಟು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಹೊರತಂದ ‘ಬಳಸಬಾರದ ಸಂಕ್ಷೇಪ’ಗಳ ಪಟ್ಟಿಯಲ್ಲಿ ಯು ಅಕ್ಷರವೂ ಈ ಸೊನ್ನೆಗಳ ತಪ್ಪೂ ಇವೆ. ಓದಲು ಎಲ್ಲ ಸಂಕ್ಷೇಪ ಗೊತ್ತಿರಲಿ, ಬರೆಯುವಾಗ ‘ಯೂನಿಟ್’, ‘ದಿನಕ್ಕೊಮ್ಮೆ’ ಎಂದು ಪೂರ್ತಿ ಬರೆಯುವುದನ್ನು ಮೊದಲ ತಿಂಗಳಲ್ಲೇ ಕೈಗೆ ಹಿಡಿಸಬೇಕು. ಡ್ಯೂಟಿ ಬದಲಾಗುವಾಗ ಬಾಯಲ್ಲಿ ಹೇಳುವುದಕ್ಕೂ ಇದೇ ಶಿಸ್ತು: ಹೈಪೊ, ಹೈಪರ್ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ‘ಹೈಪೊ, ಶುಗರ್ 54’ ಎಂದು ಸಂಖ್ಯೆ ಸೇರಿಸಿಯೇ ಹೇಳಬೇಕು. 70ಕ್ಕಿಂತ ಕೆಳಗಿದ್ದು ಎಚ್ಚರವಿರುವವರಿಗೆ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡುತ್ತೇವೆ. ಹೈಪರ್ ಎಂದು ಕೇಳಿಸಿಕೊಂಡವರ ಕೈ ಇನ್ಸುಲಿನ್ ಕಡೆಗೆ ಹೋಗುತ್ತದೆ.

ಇದಕ್ಕೆಲ್ಲ ಎಷ್ಟು ಸಮಯ ಬೇಕು? ಸುಮಾರು 40 ಬಾಲ, 30 ತಲೆ, 80 ನಡುವಿನ ತುಂಡು ಗೊತ್ತಿದ್ದರೆ ಮೊದಲ ವರ್ಷದ ಪಠ್ಯದ ಹೆಚ್ಚಿನ ಪದಗಳನ್ನು ಒಡೆಯಬಹುದು. ದಿನಕ್ಕೆ ಹತ್ತು ತುಂಡು, ವಾರಕ್ಕೆ ನಾಲ್ಕು ದಿನ ಹೊಸದು, ಐದನೆಯ ದಿನ ಹಳೆಯದು. ನಾಲ್ಕು ವಾರದಲ್ಲಿ ಮುಗಿಯುತ್ತದೆ. ಹತ್ತಕ್ಕಿಂತ ಹೆಚ್ಚು ತುರುಕಿದರೆ ಮರುದಿನ ಅರ್ಧವೂ ಉಳಿಯುವುದಿಲ್ಲ. ರಟ್ಟಿನ ಚೀಟಿಯ ಒಂದು ಬದಿಗೆ ತುಂಡು, ಇನ್ನೊಂದು ಬದಿಗೆ ಕನ್ನಡದ ಅರ್ಥ ಮತ್ತು ವಾರ್ಡಿನಲ್ಲಿ ಬಳಸುವ ಒಂದು ಪದ. ಮರುದಿನ, ಮೂರನೆಯ ದಿನ, ವಾರ ಬಿಟ್ಟು, ತಿಂಗಳು ಬಿಟ್ಟು ಅದೇ ಚೀಟಿಯನ್ನು ಮತ್ತೆ ನೋಡಬೇಕು. ನೋಡಿ ಓದುವುದಲ್ಲ, ಅರ್ಥದ ಬದಿ ಮುಚ್ಚಿ ಉತ್ತರ ಹೇಳಿ ಆಮೇಲೆ ತಿರುಗಿಸಬೇಕು.

ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ಮಾತ್ರ ಇದು ಯಾವುದೂ ನಡೆಯುವುದಿಲ್ಲ. ‘ಹೆಪಟೈಟಿಸ್ ಎಂದರೇನು’ ಎಂದು ಕೇಳಿದರೆ ಬಾಯಿಪಾಠ ಮಾಡಿದವರೇ ಗೆಲ್ಲುತ್ತಾರೆ. ಆಂತರಿಕ ಪರೀಕ್ಷೆಯ 20 ಅಂಕಗಳಲ್ಲಿ 10ನ್ನು ತರಗತಿಯಲ್ಲಿ ಎಂದೂ ಬರೆಯದ ಪದಗಳಿಗೆ ಇಡಿ. ಪೆರಿಹೆಪಟೈಟಿಸ್, ಹೆಪಟೊಸ್ಪ್ಲೀನೊಮೆಗಲಿ ಥರದವು, ಒಡೆದು ಅರ್ಥ ಬರೆಯಲಿ. 5 ಅಂಕ ಕೇಳಿ ಬರೆಯುವ ಕಾಗುಣಿತಕ್ಕೆ, 5 ಅಂಕ ರೋಗಿಯ ಕನ್ನಡದ ಮಾತನ್ನು ಕೇಸ್‌ಶೀಟಿನ ಭಾಷೆಗೆ ತರುವುದಕ್ಕೆ. ಊತಕ್ಕೆ ಇರುವ ಓಈಡಿಮ (oedema), ಈಡಿಮ (edema) ಎಂಬ ಬ್ರಿಟಿಷ್, ಅಮೆರಿಕನ್ ಕಾಗುಣಿತ ಎರಡಕ್ಕೂ ಪೂರ್ತಿ ಅಂಕ ಕೊಡಿ, ಪುಸ್ತಕಗಳಲ್ಲಿ ಎರಡೂ ಇವೆ. ಹೈಪೊ ಇರಬೇಕಾದಲ್ಲಿ ಹೈಪರ್ ಬರೆದವರಿಗೆ ‘ಹತ್ತಿರ ಬಂದಿದ್ದಾರೆ’ ಎಂದು ಅರ್ಧ ಅಂಕ ಹಾಕುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ.

– ಪ್ರಥಮ ವರ್ಷದ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಬೋಧಕರು, ದಾವಣಗೆರೆ