ಮಾತ್ರೆ ಇಳಿದ ಮೇಲೆ ಏನಾಗುತ್ತದೆ?

ಸಂಪಾದಕರೇ,

ವಿಜ್ಞಾನ ಕಥೆಗಳಲ್ಲಿ ಒಂದು ಮಾತ್ರೆ ಮತ್ತೆ ಮತ್ತೆ ಕಾಣಿಸುತ್ತದೆ. ನುಂಗಿದರೆ ಸಾಕು, ನಾಯಕನಿಗೆ ನಿದ್ದೆ ಬೇಡ, ದಣಿವಿಲ್ಲ, ಬುದ್ಧಿ ಚುರುಕು. ಆಮೇಲೆ ಏನಾಯಿತು ಅಂತ ಎಷ್ಟೋ ಕಥೆಗಳು ಹೇಳುವುದೇ ಇಲ್ಲ. ಇದು ನನಗೆ ಬೇಸರ.

ಮೈಗೆ ಪುಕ್ಕಟೆ ಶಕ್ತಿ ಬರುವುದಿಲ್ಲ. ಕೆಫೀನ್ ಕೂಡ ದಣಿವನ್ನು ಕಳೆಯುವುದಿಲ್ಲ. ಮಿದುಳಿಗೆ ದಣಿವಿನ ಸುದ್ದಿ ಮುಟ್ಟಿಸುವ ಅಡೆನೋಸಿನ್‌ಗೆ ಅಡ್ಡ ನಿಲ್ಲುತ್ತದೆ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರಿಗೆ ಪರ್ವಿಟಿನ್ ಎಂಬ, ಮೆಥಾಂಫೆಟಮಿನ್ ಅನ್ನುವ ಉತ್ತೇಜಕದ ಮಾತ್ರೆ ಕೊಟ್ಟಿದ್ದರು. ನಿದ್ದೆಗೆಟ್ಟು ನಡೆದರು ನಿಜ, ಆದರೆ ಕೆಲವರು ಚಟಕ್ಕೆ ಬಿದ್ದರು.

ಫ್ರಾಂಕ್ ಹರ್ಬರ್ಟ್ 1965ರ ‘ಡ್ಯೂನ್’ ಕಾದಂಬರಿಯಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಅಲ್ಲಿನ ‘ಸ್ಪೈಸ್’ ಎಂಬ ಮದ್ದು ಆಯಸ್ಸು ಹೆಚ್ಚಿಸುತ್ತದೆ, ಕೆಲವರಿಗೆ ಮುಂದಾಗುವುದನ್ನೂ ಕಾಣಿಸುತ್ತದೆ. ಆದರೆ ಕಣ್ಣು ಪೂರ್ತಿ ನೀಲಿಯಾಗುತ್ತದೆ, ಚಟ ಹತ್ತಿದವರು ಬಿಟ್ಟರೆ ಸಾವೇ. ಸಿಗುವುದು ಒಂದೇ ಗ್ರಹದಲ್ಲಿ, ಹಾಗಾಗಿ ಅರಸು ಮನೆತನಗಳು ಅದಕ್ಕಾಗಿ ಕಾದಾಡುತ್ತವೆ. ಮದ್ದು ಯಾರ ಕೈಯಲ್ಲಿದೆ ಎಂಬುದರಿಂದಲೇ ಕಥೆ ಬೆಳೆಯುತ್ತದೆ, ಅಲ್ವಾ?

ಹೊಸ ಲೇಖಕರು ಮಾತ್ರೆಯ ಮರುದಿನದ ಬೆಳಗ್ಗೆಯನ್ನೂ ಬರೆಯಲಿ. ನಡುಗುವ ಕೈ, ಮಂಕಾದ ತಲೆ, ಇನ್ನೊಂದಕ್ಕಾಗಿ ಹುಡುಕಾಟ. ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರಲು ಏನಾದರೂ ಸಿಗುತ್ತದಾ ಅಂತ ಹುಡುಕುವ ಮಕ್ಕಳೂ ಈ ಕಥೆಗಳನ್ನು ಓದುತ್ತಾರೆ.

– ನಿಮ್ಮ ಓದುಗ