ನವೆಂಬರ್ 21ಕ್ಕೆ ಹತ್ತು ನಮಸ್ಕಾರ

ಎಲ್ಲರಿಗೂ ನಮಸ್ಕಾರ.

ನವೆಂಬರ್ 21 ವಿಶ್ವ ಹಲೋ ದಿನ. 1973ರ ಈಜಿಪ್ಟ್–ಇಸ್ರೇಲ್ ಯುದ್ಧದ ಬೆನ್ನಲ್ಲೇ, ಜಗಳವನ್ನು ಮಾತಿನಿಂದ ಬಗೆಹರಿಸೋಣ ಎಂದು ಶುರುವಾದದ್ದು. ಆ ದಿನ ಒಬ್ಬೊಬ್ಬರೂ ಹತ್ತು ಜನರನ್ನು ಮಾತಾಡಿಸಬೇಕು, ಅಷ್ಟೇ. ಈ ಸಲ ನಾವೆಲ್ಲರೂ ಮಾಡೋಣ. ಮನೆಯ ಮಕ್ಕಳನ್ನೂ ಸೇರಿಸಿಕೊಳ್ಳಿ.

ದಿನಾ ನೋಡಿಯೂ ಮಾತಾಡಿಸದವರಿಂದ ಶುರು ಮಾಡಿ. ಕಸ ಒಯ್ಯುವವರು, ಕಾವಲಿನವರು, ಪಾರ್ಸೆಲ್ ತರುವವರು. ಇವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೂ ತುಂಬ ದಿನ ಗೊತ್ತಿರಲಿಲ್ಲ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಮುಖ ನೋಡಿ ಮಾತಾಡಿ, ಫೋನ್ ಜೇಬಿನಲ್ಲಿರಲಿ. ಅವರು ಅವಸರದಲ್ಲಿದ್ದರೆ ಸುಮ್ನೆ ತಡೆಯಬೇಡಿ. ಫೋಟೊ ಬೇಡ.

ಸೇರುವವರು 18ರೊಳಗೆ ‘ಸರಿ’ ಎಂದು ಉತ್ತರಿಸಿ. 21ರ ಸಂಜೆ, ಯಾರನ್ನು ಮಾತಾಡಿಸಿದಿರಿ ಅಂತ ಇಲ್ಲೇ ಒಂದು ಸಾಲು ಬರೆಯಿರಿ.